ಹದಿನೇಳನೆಯ ಮೊಳೆ

ಮೂಳೆ ಡಾಕ್ಟರ ಹೊಸ ಬಿಳಿ ಕಾರು ಮೊದಲ ಸಲ ಆಸ್ಪತ್ರೆಯ ಪಾರ್ಕಿಂಗಿಗೆ ಬಂದು ನಿಂತ ದಿನ ಹಲಗೆ ಮಾಮ ಅದರ ಕೀಯನ್ನು ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ದ. ಹಲ್ಲಿಲ್ಲ, ಕಡ್ಡಿಯಿಲ್ಲ, ತೂಕವೂ ಇಲ್ಲ. ಸವೆದ ಸೋಪಿನಂಥ ಒಂದು ಕರಿ ಬಿಲ್ಲೆ.

“ಡಾಕ್ಟ್ರೇ, ಡಬ್ಬಿ ಕೊಟ್ರಿ. ಕೀ ಎಲ್ಲಿ?”

“ಅದೇ ಕಣಯ್ಯಾ ಕೀ. ಜೇಬಲ್ಲಿ ಇದ್ರೆ ಸಾಕು, ಬಾಗಿಲು ತಾನೇ ತೆಗೆಯುತ್ತೆ. ಒಳಗೆ ಕೂತು ಗುಂಡಿ ಒತ್ತಿದ್ರೆ ಹೊರಟಿತು.”

“ಹಾಗಾದ್ರೆ ನಾನ್ಯಾಕೆ ಬೇಕು? ‘ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ’ ಅಂದ್ರೆ ಅದೇ ಸರಿಯಲ್ವಾ?”

ಡಾಕ್ಟರು ನಕ್ಕು ಒಳಗೆ ಹೋದರು. ಮಾಮ ಆ ಬಿಲ್ಲೆಗೆ ಒಂದು ದಾರ ಕಟ್ಟಿ ಹದಿನೇಳನೆಯ ಮೊಳೆಗೆ ನೇತುಹಾಕಿದ. ಮೂರು ತಿಂಗಳು ಅದು ಅಲ್ಲೇ ತೂಗಿತು. ಒಂದು ಮಂಗಳವಾರ ಕೀ ಮೊಳೆಯಲ್ಲೇ ಇತ್ತು, ಕಾರು ಇರಲಿಲ್ಲ.

ಮಾಮನಿಗೆ ಆ ಹೆಸರು ಬಂದದ್ದು ಹಲಗೆಯಿಂದಲೇ. ಮೊದಲು ಲಾರಿ ಓಡಿಸುತ್ತಿದ್ದವನು ಮೊಣಕಾಲು ಜಖಂ ಆದ ಮೇಲೆ ಇಲ್ಲಿಗೆ ಬಂದಿದ್ದ. ನಲವತ್ತು ಕಾರು ಹಿಡಿಸುವ ಜಾಗದಲ್ಲಿ ಅರವತ್ತು ನಿಲ್ಲಬೇಕು. ಒಂದರ ಮೂತಿಗೆ ಇನ್ನೊಂದರ ಬಾಲ ತಾಗಿಸಿ ನಿಲ್ಲಿಸಬೇಕು, ಒಳಗಿನದು ಹೊರಡಬೇಕೆಂದರೆ ಹೊರಗಿನ ಮೂರನ್ನು ಸರಿಸಬೇಕು. ಹಾಗಾಗಿ ಬಂದವರೆಲ್ಲ ಕೀಯನ್ನು ಅವನ ಕೈಗೆ ಕೊಟ್ಟೇ ಹೋಗುತ್ತಿದ್ದರು. ಹಳೆಯ ಮಂಚದ ಒಂದು ಹಲಗೆ ತಂದು, ಅರವತ್ತನಾಲ್ಕು ಮೊಳೆ ಹೊಡೆದು, ತನ್ನ ಗೂಡಿನಂಥ ಕೋಣೆಯ ಕಿಟಕಿಯ ಪಕ್ಕಕ್ಕೇ ಅದನ್ನು ತೂಗುಹಾಕಿದ್ದ. ಮೂರನೇ ತರಗತಿಯಲ್ಲಿದ್ದ ಮಗಳು ಮೊಳೆಗಳಿಗೆ ಬಣ್ಣದಲ್ಲಿ ನಂಬರು ಬರೆದಳು. ಹದಿನೇಳರ ಏಳನ್ನು ತಿರುಗಾಮುರುಗಾ ಬರೆದಿದ್ದಳು. ಅದನ್ನು ತಿದ್ದಲು ಮಾಮ ಯಾರಿಗೂ ಬಿಟ್ಟಿರಲಿಲ್ಲ.

ಹಲಗೆ ಹೊರಗಿನವರಿಗೆ ಕಾಣಬೇಕು ಎನ್ನುವುದು ಅವನ ಹಟ. ಕೀ ಕೊಟ್ಟವರು ಕ್ಯಾಂಟೀನಿಗೆ ಹೋಗುವಾಗ, ಔಷಧಿ ತರಲು ಓಡುವಾಗ, ಕಿಟಕಿಯಲ್ಲಿ ಒಮ್ಮೆ ಇಣುಕಿ ತಮ್ಮ ಕೀ ನೋಡಿಕೊಂಡು ಸಮಾಧಾನವಾಗಬೇಕು. “ಕಣ್ಣಿಗೆ ಕಾಣೋ ಕೀ ಕಳುವಾಗಲ್ಲ” ಎನ್ನುತ್ತಿದ್ದ. ಇಪ್ಪತ್ತಮೂರು ವರ್ಷ ಆ ಮಾತು ಸುಳ್ಳಾಗಿರಲಿಲ್ಲ, ಅವನ ತಪ್ಪೇನು?

ಇನ್ನೊಂದು ಅಭ್ಯಾಸವೂ ಅವನಿಗಿತ್ತು. ಹಲಗೆಯ ಕೆಳಗೆ ಒಂದು ಅಗಲವಾದ ಕಟ್ಟೆ. ರೋಗಿಗಳ ಜೊತೆ ಬಂದವರ ಗಂಟು, ಚೀಲ, ಬ್ಯಾಗುಗಳನ್ನು ಅಲ್ಲಿ ಇಟ್ಟುಕೊಳ್ಳುತ್ತಿದ್ದ. ವಾರ್ಡಿನೊಳಗೆ ಸಾಮಾನು ಬಿಡುವುದಿಲ್ಲ, ಹೊರಗೆ ಇಡಲು ಜಾಗವಿಲ್ಲ, ದೂರದಿಂದ ಬಂದವರು ಏನು ತಲೆಯ ಮೇಲೆ ಹೊತ್ತು ತಿರುಗಬೇಕೆ? ಮಗಳು ಹನ್ನೊಂದು ತಿಂಗಳ ಕೂಸಾಗಿದ್ದಾಗ ನ್ಯುಮೋನಿಯಾ ಬಂದು ಇದೇ ಆಸ್ಪತ್ರೆಗೆ ಓಡಿಬಂದಿದ್ದರು. ಹೆಂಡತಿ ಕೂಸು ಹಿಡಿದು ಒಳಗೆ ಹೋದಳು. ಗಂಟು ಹಿಡಿದಿದ್ದ ಇವನನ್ನು ಬಾಗಿಲಲ್ಲೇ ತಡೆದರು. ಆಗ ಒಬ್ಬ ಮುದಿ ವಾಚ್‌ಮನ್ ಬಂದು, ಒಂದು ಮಾತೂ ಕೇಳದೆ ಗಂಟನ್ನು ಇಸಿದುಕೊಂಡು, “ಓಡು” ಎಂದಿದ್ದ. ಆ ಋಣವನ್ನು ಮಾಮ ಕಟ್ಟೆಯ ಮೇಲೆ ತೀರಿಸುತ್ತಿದ್ದ. ಪಾರ್ಕಿಂಗಿನ ಕಂಟ್ರಾಕ್ಟರು ಮಾತ್ರ ‘ಇಲ್ಲಿ ಸಾಮಾನು ಇಡಬಾರದು’ ಎಂದು ಗೋಡೆಗೆ ಬೋರ್ಡು ಹೊಡೆಸಿದ್ದರು. ಮಾಮ ಅದರ ಮೇಲೆ ತನ್ನ ಟವೆಲ್ ಒಣಗಹಾಕುತ್ತಿದ್ದ.

ಆ ಮಂಗಳವಾರ ಹನ್ನೊಂದೂವರೆಗೆ ಆಸ್ಪತ್ರೆಯ ಕ್ಯಾಮೆರಾದಲ್ಲಿ ಕಂಡದ್ದು ಇಷ್ಟು. ಟೊಪ್ಪಿ ಹಾಕಿದ ಒಬ್ಬ ಹೊರಸಾಲಿನಲ್ಲಿದ್ದ ಬಿಳಿ ಕಾರಿನ ಹತ್ತಿರ ಬಂದ, ಬಾಗಿಲು ತೆಗೆದ, ಕೂತ, ಹೊರಟ. ಒಂದು ಗಾಜು ಒಡೆಯಲಿಲ್ಲ, ಅಲಾರಂ ಕೂಗಲಿಲ್ಲ. ಆಂಬುಲೆನ್ಸಿಗೆ ಅಡ್ಡಿಯಾಗಬಾರದೆಂದು ಹಗಲೆಲ್ಲ ಗೇಟಿನ ಅಡ್ಡಕಂಬ ಎತ್ತಿಯೇ ಇರುತ್ತಿತ್ತು, ಸಲೀಸಾಗಿ ಹೋದ. ಗೂಡಿನ ಕಡೆಗೆ ಕ್ಯಾಮೆರಾ ಇರಲಿಲ್ಲ, ಗೂಡಿನೊಳಗೆ ಕೂತವನಿಗೆ ಗೇಟು ಕಾಣುತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಡಾಕ್ಟರು ಬಂದು ಕೀ ಕೇಳಿದಾಗ ಮಾಮ ಹದಿನೇಳನೆಯ ಮೊಳೆಯಿಂದ ಅದನ್ನು ತೆಗೆದು ಕೊಟ್ಟ. ಡಾಕ್ಟರು ಕೀ ಹಿಡಿದು ಖಾಲಿ ಜಾಗದ ಮುಂದೆ ನಿಂತರು.

ಇನ್‌ಸ್ಪೆಕ್ಟರ್ ಬಂದವರು ಗೂಡಿನೊಳಗಿನ ಒಂದೇ ಕುರ್ಚಿಯಲ್ಲಿ ಕೂತರು. ಮಾಮ ಬಾಗಿಲಲ್ಲಿ ನಿಂತ. ಪಕ್ಕದಲ್ಲಿ ಕಂಟ್ರಾಕ್ಟರು.

“ಕಾರಿನ ಕಂಪನಿಯವರನ್ನ ಕೇಳಿದೆ. ಕೀ ಹತ್ರ ಇಲ್ದೆ ಅದು ಹೊರಡೋದೇ ಇಲ್ವಂತೆ. ಕೀ ಎರಡು. ಒಂದು ಡಾಕ್ಟರ ಮನೇಲಿದೆ. ಇನ್ನೊಂದು ನಿನ್ನ ಹತ್ರ ಇತ್ತು. ಈಗ ನೀನೇ ಹೇಳು.”

“ಸ್ವಾಮಿ, ಕೀ ಇಲ್ಲೇ ಇತ್ತು. ನಾನೂ ಇಲ್ಲೇ ಇದ್ದೆ.”

“ಎದುರುಗಡೆ ಕೀ ಮಾಡೋ ಅಂಗಡಿಯವನು ನಿನ್ನ ಸ್ನೇಹಿತನಂತೆ. ಅವನನ್ನ ಎಲ್ಲರೂ ಡೂಪ್ಲಿಕೇಟ್ ಅಂತಾನೇ ಕರೀತಾರಂತೆ?”

“ಅದು ತಮಾಷೆಗೆ ಸ್ವಾಮಿ.”

“ಬೇಲಿನೇ ಎದ್ದು ಹೊಲ ಮೇಯ್ತು ಅಂದ್ರೆ ಇದೇ. ನೀನು ಎಚ್ಚರ ಇದ್ದೆ, ಇಲ್ಲೇ ಇದ್ದೆ, ಅನ್ನೋದಕ್ಕೆ ಸಾಕ್ಷಿ ಯಾರಿದ್ದಾರೆ?”

ಇದ್ದ, ಒಬ್ಬನಿದ್ದ! ನೀಲಿ ಅಂಗಿಯ ಒಬ್ಬ ಬಡಕಲು ಮನುಷ್ಯ. ಎಡಗೈ ಹೆಬ್ಬೆರಳಿಗೆ ಬ್ಯಾಂಡೇಜು. ಮಗನಿಗೆ ಜ್ವರ ನೆತ್ತಿಗೇರಿದೆ, ಮಕ್ಕಳ ವಾರ್ಡು ಎಲ್ಲಿ ಎಂದು ಕಿಟಕಿಗೆ ಬಂದು ಕೇಳಿದ್ದ. ಸರಿಯಾಗಿ ಅದೇ ಹೊತ್ತು. ಮಾಮ ಅದನ್ನೆಲ್ಲ ಹೇಳಿದ. ಆದರೆ ಆತ ತನ್ನ ಬ್ಯಾಗನ್ನು ಕಟ್ಟೆಯ ಮೇಲೆ ಬಿಟ್ಟು ಹೋಗಿ, ಕಾಲು ಗಂಟೆಯಾದ ಮೇಲೆ ಬಂದು ಒಯ್ದ ಎನ್ನುವುದನ್ನು ನುಂಗಿಕೊಂಡ. ಕಂಟ್ರಾಕ್ಟರು ಅಲ್ಲೇ ನಿಂತು ಬೋರ್ಡಿನ ಮೇಲಿನ ಟವೆಲನ್ನೇ ನೋಡುತ್ತಿದ್ದರಲ್ಲ! ಬ್ಯಾಗಿಗೂ ಕಾರಿಗೂ ಏನು ಸಂಬಂಧ, ಸುಮ್ಮನೆ ಇದೊಂದನ್ನು ಯಾಕೆ ಮೈಮೇಲೆ ಎಳೆದುಕೊಳ್ಳಲಿ ಎಂದುಕೊಂಡ.

“ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವನನ್ನ ಕರ್ಕೊಂಡು ಸ್ಟೇಷನ್ನಿಗೆ ಬಾ. ಬರ್ಲಿಲ್ಲ ಅಂದ್ರೆ ನಾನೇ ಬರ್ತೀನಿ, ಕೋಳ ತಗೊಂಡು.” ಇನ್‌ಸ್ಪೆಕ್ಟರ್ ಕೀಯನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದರು.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಮಾಮನ ಪಾಲಿಗೆ ಆ ನೀಲಿ ಅಂಗಿಯವನೇ ಹುಲ್ಲುಕಡ್ಡಿ. ಬುಧವಾರ ಬೆಳಿಗ್ಗೆ ಆರಕ್ಕೇ ಆಸ್ಪತ್ರೆಗೆ ಹೋದ. ಕೆಲಸಕ್ಕಲ್ಲ, ಗೂಡಿಗೆ ಕಂಟ್ರಾಕ್ಟರು ಬೇರೆಯವರನ್ನು ಕೂರಿಸಿದ್ದರು. ಮಕ್ಕಳ ವಾರ್ಡಿನ ಬಾಗಿಲಲ್ಲಿ ನಿಂತು ಬರುವ ಹೋಗುವ ಗಂಡಸರ ಹೆಬ್ಬೆರಳುಗಳನ್ನೆಲ್ಲ ನೋಡಿದ. ಔಷಧಿ ಅಂಗಡಿಯ ಸಾಲು, ರಕ್ತ ಪರೀಕ್ಷೆಯ ಸಾಲು, ಕ್ಯಾಂಟೀನು, ಶೌಚಾಲಯ, ಎಲ್ಲ ಕಡೆಯೂ ಸುತ್ತಿದ. ನೀಲಿ ಅಂಗಿ ಕಂಡರೆ ಸಾಕು, ಕುಂಟು ಮೊಣಕಾಲನ್ನು ಎಳೆದುಕೊಂಡು ಓಡಿ ಮುಖ ನೋಡಿ ಕ್ಷಮೆ ಕೇಳುತ್ತಿದ್ದ. ನಿನ್ನೆಯ ತನಕ “ಮಾಮಾ, ಚೆನ್ನಾಗಿದ್ದೀರಾ?” ಎನ್ನುತ್ತಿದ್ದ ಆಯಾಗಳು ಈಗ ಅವನನ್ನು ಕಂಡು ದನಿ ತಗ್ಗಿಸಿದರು. ಎಷ್ಟಾದರೂ ಜನ. ಕುಂಟುವ ಕಾಲಿಗೆ ಎಡವುವ ಕಲ್ಲು ಇಡುವುದು ಅವರಿಗೆ ಯಾವಾಗಲೂ ಸಲೀಸು.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ಬೇರೆಯದೇ ಒಂದು ಹೆದರಿಕೆ ಹುಟ್ಟಿತು. ಮಗುವಿಗೆ ಜಾಸ್ತಿಯಾಗಿರಬಹುದೇ? ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿರಬಹುದೇ? ಅಥವಾ... ಮುಂದಕ್ಕೆ ಯೋಚಿಸದೆ ತಲೆ ಕೊಡವಿಕೊಂಡ. ಬ್ಯಾಗು ವಾಪಸು ಒಯ್ಯುವಾಗ ಆ ಮನುಷ್ಯನ ಕೈ ನಡುಗುತ್ತಿತ್ತು. ಮಾಮ ಆ ಕೈಯನ್ನು ಹಿಡಿದು, “ಧೈರ್ಯ ತಗೋಪ್ಪಾ, ನನ್ನ ಮಗಳೂ ಇಲ್ಲೇ ಉಳಿದವಳು. ಮಗೂಗೇನೂ ಆಗಲ್ಲ” ಎಂದಿದ್ದ. ಆತ ತಲೆ ತಗ್ಗಿಸಿಕೊಂಡು ಹೋಗಿದ್ದ.

ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸಿ ಎದುರು ಕೂತಳು. ಸಾರು ಬಡಿಸುತ್ತ ಕೇಳಿದಳು.

“ಕೋಪ ಮಾಡ್ಕೋಬೇಡಿ. ನಿಮಗೆ ಸ್ವಲ್ಪ ಜೊಂಪು ಏನಾದ್ರೂ ಹತ್ತಿತ್ತಾ?”

ಕದ್ದಿರಾ ಎಂದು ಅವಳು ಕೇಳಲಿಲ್ಲ, ಆದರೂ ಎತ್ತಿದ ತುತ್ತು ತಟ್ಟೆಗೇ ವಾಪಸಾಯಿತು. ಮಾಮನಿಗೆ ಅವಳ ಮೇಲಲ್ಲ, ತನ್ನ ಮೇಲೇ ಅನುಮಾನ ಬಂತು. ನಿಜವಾಗಿಯೂ ನಿದ್ದೆ ಮಾಡಿದೆನೇ? ಯಾರೋ ಕೀ ಒಯ್ದು, ಮತ್ತೆ ತಂದು ನೇತುಹಾಕಿ ಹೋದರೇ? ಅರವತ್ತರ ಹತ್ತಿರ ಬಂತು, ತಲೆ ಕೈಕೊಡುತ್ತಿದೆಯೇ? ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಮಗಳು ಈಗ ಅದೇ ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಸುದ್ದಿ ಎತ್ತಿದವರಿಗೆಲ್ಲ ಮುಖದ ಮೇಲೆ ಹೊಡೆದ ಹಾಗೆ ಉತ್ತರ ಕೊಡುತ್ತ, ಪಾಳಿ ಮುಗಿದ ಮೇಲೆ ರಿಜಿಸ್ಟರುಗಳ ಮುಂದೆ ಕೂತು ಹುಡುಕಿದ್ದಳು. ಗುರುವಾರ ಮಧ್ಯಾಹ್ನ ಅಪ್ಪನನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಕರೆದುಕೊಂಡು ಹೋದಳು.

“ಅಪ್ಪಾ, ಮಂಗಳವಾರ ಹನ್ನೊಂದರಿಂದ ಒಂದು ಗಂಟೆವರೆಗೆ ಮಕ್ಕಳ ವಾರ್ಡಿಗೆ ಇಬ್ಬರೇ ಸೇರಿರೋದು. ಇಬ್ಬರೂ ಹೆಣ್ಣುಮಕ್ಕಳು. ಹೊರರೋಗಿಗಳ ಚೀಟಿನೂ ನೋಡಿದೆ, ಜ್ವರದ ಮಕ್ಕಳ ಮನೆಗೆಲ್ಲ ಫೋನ್ ಮಾಡಿದೆ. ಅಂಥ ಮಗುನೇ ಇಲ್ಲ.”

“ಸರಿಯಾಗಿ ನೋಡಿಲ್ಲ ನೀನು.”

“ಎರಡೆರಡು ಸಲ ನೋಡಿದೆ ಅಪ್ಪಾ.”

“ಮಗು ಇದೆ! ಅವನ ಕಣ್ಣಲ್ಲಿ ನೀರಿತ್ತು, ನಾನೇ ನೋಡಿದ್ದೀನಿ. ನೀನೂ ನಂಬಲ್ಲ ಅಂದ್ರೆ ಇನ್ಯಾರು ನಂಬ್ತಾರೆ?”

ಮಗಳ ಮೇಲೆ ಅವನು ದನಿ ಏರಿಸಿದ್ದು ಅದೇ ಮೊದಲು. ಅವಳು ಟೊಪ್ಪಿಗೆ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಮಾಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ರಸ್ತೆ ದಾಟಿ ಸೀದಾ ಡೂಪ್ಲಿಕೇಟನ ಅಂಗಡಿಗೆ ಹೋದ.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಕೀ ಕೊರೆಯುವ ಯಂತ್ರವನ್ನು ಪೊಲೀಸರು ಒಯ್ದಿದ್ದರು. ಅದು ಇದ್ದ ಮೇಜಿನ ಮೇಲೆ ನಾಲ್ಕು ತೂತು ಮಾತ್ರ ಉಳಿದಿದ್ದವು. ಡೂಪ್ಲಿಕೇಟ್ ಗೋಡೆಗೆ ಒರಗಿ ಕೂತಿದ್ದ. ಇಪ್ಪತ್ತು ವರ್ಷದಿಂದ ಹನ್ನೊಂದು ಗಂಟೆಯ ಟೀ ಒಟ್ಟಿಗೆ ಕುಡಿದವರು ಮೂರು ದಿನದಿಂದ ಮಾತಾಡಿರಲಿಲ್ಲ.

“ಬಂದೆಯಾ? ಇನ್ನೇನು ಉಳಿದಿದೆ ಇಲ್ಲಿ, ನನ್ನನ್ನೂ ಒಯ್ಕೊಂಡು ಹೋಗು” ಎಂದ ಡೂಪ್ಲಿಕೇಟ್. “ಆ ಕೀ ಬಂದ ವಾರನೇ ಹೇಳಿದ್ದೆ, ಅದನ್ನ ತಗಡಿನ ಡಬ್ಬಿಲಿಡು, ಹೊರಗೆ ತೂಗಿಸಬೇಡ ಅಂತ. ನೀನೇನಂದೆ? ‘ನಿನ್ನ ವ್ಯಾಪಾರ ಹೋಯ್ತು ಅಂತ ಹೊಟ್ಟೆಕಿಚ್ಚು’ ಅಂದೆ.”

ಅಂದಿದ್ದು ನಿಜ. ಆಮೇಲೆ ಇಬ್ಬರೂ ನಕ್ಕು ಟೀ ಕುಡಿದಿದ್ದರು.

“ಸ್ಟೇಷನ್ನಲ್ಲೂ ಹೇಳ್ದೆ. ಯಾರೋ ಕೀ ಪಕ್ಕದಲ್ಲೇ ಇದ್ದು ಮಾಡಿರೋ ಕೆಲಸ ಇದು ಅಂದೆ. ‘ಇಷ್ಟೆಲ್ಲ ಗೊತ್ತಿದೆ ಅಂದ್ರೆ ನೀನೇ ಮಾಡಿರ್ತೀಯ’ ಅಂದ್ರು. ಗೊತ್ತಿದ್ರೂ ಕಳ್ಳ, ಗೊತ್ತಿಲ್ದಿದ್ರೂ ಕಳ್ಳ. ಈಗ ನೀನು ಹೇಳು, ಆ ಹೊತ್ತಲ್ಲಿ ಹಲಗೆ ಹತ್ರ ಯಾರಿದ್ರು?”

“ಯಾರೂ ಇರ್ಲಿಲ್ಲ. ಆ ಮಗುವಿನ ಅಪ್ಪ ಬಂದು ದಾರಿ ಕೇಳಿದ, ಹೋದ. ಅವನ ಬ್ಯಾಗ್ ಮಾತ್ರ ಇತ್ತು.”

ಡೂಪ್ಲಿಕೇಟ್ ನೆಟ್ಟಗೆ ಕೂತ. “ಯಾವ ಬ್ಯಾಗು? ಎಲ್ಲಿತ್ತು?”

“ಕಟ್ಟೆ ಮೇಲೆ. ಎಲ್ಲರದೂ ಇಡೋ ಹಾಗೆ.”

“ಹಲಗೆ ಕೆಳಗಾ? ಎಷ್ಟು ಹೊತ್ತು?”

“ಕಾಲು ಗಂಟೆ.”

ಡೂಪ್ಲಿಕೇಟ್ ಎದ್ದು, ಒಳಗಿನಿಂದ ಮುಚ್ಚಳವಿರುವ ತಗಡಿನ ಡಬ್ಬಿಯೊಂದನ್ನು ತಂದ. ಪಕ್ಕದ ಔಷಧಿ ಅಂಗಡಿಯವರದೂ ಅಂಥದೇ ಕಾರು. ಅವರ ಕೀ ಕೇಳಿ ಇಸಿದುಕೊಂಡು ಮಾಮನ ಕೈಗೆ ಕೊಟ್ಟು ಬಾಗಿಲು ಮುಟ್ಟಲು ಹೇಳಿದ. ಬಾಗಿಲು ತೆರೆಯಿತು. ಬಾಗಿಲು ಹಾಕಿ, ಕೀಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದು, ಅದೇ ಜಾಗದಲ್ಲಿ ನಿಂತು ಮತ್ತೆ ಮುಟ್ಟಲು ಹೇಳಿದ. ಈ ಸಲ ಬಾಗಿಲು ಅಲುಗಲಿಲ್ಲ.

“ನೋಡಿದ್ಯಾ? ನಿನ್ನ ಹಲಗೆ ಮೇಲಿರೋ ಹಳೇ ಕೀಗಳು ಮೂಕ. ಇದು ಹಾಗಲ್ಲ, ಮಾತಾಡುತ್ತೆ. ಕಾರು ‘ಇದ್ದೀಯಾ?’ ಅನ್ನುತ್ತೆ, ಇದು ‘ಇದ್ದೀನಿ’ ಅನ್ನುತ್ತೆ. ದನಿ ಸಣ್ಣದು, ಒಂದೆರಡು ಮಾರು ದಾಟಲ್ಲ. ಕಾರಿನ ಹತ್ರ ಒಬ್ಬ ಒಂದು ಯಂತ್ರ ಹಿಡ್ಕೊಂಡು ನಿಲ್ತಾನೆ. ಕೀ ಹತ್ರ ಇನ್ನೊಂದು ಯಂತ್ರ ಇರಬೇಕು. ಇಲ್ಲಿಯ ಮಾತು ಅಲ್ಲಿಗೆ, ಅಲ್ಲಿಯ ಮಾತು ಇಲ್ಲಿಗೆ. ಕೀ ನನ್ನ ಪಕ್ಕದಲ್ಲೇ ಇದೆ ಅಂದ್ಕೊಂಡು ಕಾರು ಬಾಗಿಲು ತೆಗೆಯುತ್ತೆ. ಒಂದು ಸಲ ಹೊರಟ ಮೇಲೆ ಆರಿಸೋವರೆಗೂ ಕೀ ಎಲ್ಲಿ ಅಂತ ಕೇಳಲ್ಲ.”

“ಬ್ಯಾಗು ತುಂಬ ಭಾರ ಇತ್ತು” ಎಂದ ಮಾಮ. “ಮಗುವಿನ ಬಟ್ಟೆ ಅಂದ್ಕೊಂಡೆ.”

ಅಷ್ಟು ಹೇಳಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡು ದಿನದಿಂದ ತಾನು ಹುಡುಕಿದ್ದು ಸಾಕ್ಷಿಯನ್ನಲ್ಲ, ಕಳ್ಳನನ್ನು. ಮಗು ಇಲ್ಲ. ಜ್ವರವೂ ಇಲ್ಲ. ನಡುಗುವ ಕೈ ಮಾತ್ರ ನಿಜ, ಅದು ಹೆದರಿಕೆಗೆ ನಡುಗಿದ್ದು. ಆ ಕೈಯನ್ನು ಹಿಡಿದು ಧೈರ್ಯ ಹೇಳಿ ಕಳಿಸಿದವನು ತಾನು. ಇಲ್ಲದ ಮಗು ಬದುಕಲಿ ಎಂದು ಎರಡು ದಿನ ಹರಕೆ ಹೊತ್ತುಕೊಂಡು ತಿರುಗಿದವನೂ ತಾನೇ. ನಡುಹಗಲಲ್ಲಿ, ಜನ ಓಡಾಡುವ ರಸ್ತೆಯ ಬದಿಯಲ್ಲಿ, ಮಾಮ ಬಿಕ್ಕಿ ಬಿಕ್ಕಿ ಅತ್ತ. ಡೂಪ್ಲಿಕೇಟ್ ಅಂಗಡಿಯ ಬಾಗಿಲನ್ನು ಇನ್ನಷ್ಟು ಕೆಳಗೆಳೆದು ಅವನ ಪಕ್ಕ ಕೂತ.

“ಕೇಳಿಲ್ಲಿ. ನಾಳೆ ಎಲ್ಲಾ ಹೇಳು, ಬ್ಯಾಗ್ ನೀನು ಇಸ್ಕೊಂಡೆ ಅನ್ನೋದೊಂದು ಬಿಟ್ಟು. ಅವನು ಕಿಟಕಿ ಹೊರಗೆ ಬ್ಯಾಗ್ ಹಿಡ್ಕೊಂಡು ನಿಂತಿದ್ದ ಅನ್ನು. ಇಸ್ಕೊಂಡೆ ಅಂದ್ರೆ ನೀನೂ ಅವರಲ್ಲೊಬ್ಬ ಅಂತಾರೆ. ಕಂಟ್ರಾಕ್ಟರಂತೂ ಆ ಬೋರ್ಡು ತೋರಿಸಿ ಕತ್ತು ಹಿಡಿದು ಆಚೆಗೆ ಹಾಕ್ತಾರೆ.”

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಸುಳ್ಳು ಹೇಳಿದರೆ ಬಚಾವಾಗಬಹುದು, ಡೂಪ್ಲಿಕೇಟನ ಯಂತ್ರವೂ ವಾಪಸು ಬರಬಹುದು. ಸುಳ್ಳನ್ನು ಮಾಮ ಮನೆಗೆ ಹೋಗುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಹೊರಗೆ ನಿಂತಿದ್ದ ಸ್ವಾಮಿ, ಬ್ಯಾಗು ಅವನ ಕೈಯಲ್ಲೇ ಇತ್ತು ಸ್ವಾಮಿ.

ಶುಕ್ರವಾರ ಹತ್ತಕ್ಕೆ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ಕಡೆ ಮಗಳು, ಇನ್ನೊಂದು ಕಡೆ ಡೂಪ್ಲಿಕೇಟ್. ಕಂಟ್ರಾಕ್ಟರೂ ಬಂದಿದ್ದರು. ಡೂಪ್ಲಿಕೇಟ್ ತಗಡಿನ ಡಬ್ಬಿ ಮೇಜಿನ ಮೇಲಿಟ್ಟು ಎಲ್ಲ ವಿವರಿಸಿದ. ಇನ್‌ಸ್ಪೆಕ್ಟರ್ ಈ ಸಲ ತಡೆಯದೆ ಕೇಳಿದರು. ಆಮೇಲೆ ಮಾಮನ ಕಡೆಗೆ ತಿರುಗಿದರು.

“ಕಾಲು ಗಂಟೆ ಅವನು ಕಿಟಕಿ ಹತ್ರ ನಿಂತೇ ಇದ್ದನಾ? ನಿನಗೆ ಅನುಮಾನ ಬರ್ಲಿಲ್ವಾ?”

ಬಾಯಿಪಾಠ ಮಾಡಿದ ಮಾತು ತುದಿಗೆ ಬಂದು ನಿಂತಿತ್ತು. ಮಂಗಳವಾರ ಬ್ಯಾಗಿನ ಮಾತು ನುಂಗಿಕೊಳ್ಳದೆ ಇದ್ದಿದ್ದರೆ ಅಂದೇ ಇವರು ಆ ಮನುಷ್ಯನ ಬೆನ್ನು ಹತ್ತುತ್ತಿದ್ದರಲ್ಲವೇ, ಸ್ನೇಹಿತ ಮೂರು ದಿನ ಕಳ್ಳನೆನಿಸಿಕೊಳ್ಳುವುದು ತಪ್ಪುತ್ತಿತ್ತಲ್ಲವೇ ಎಂಬ ಯೋಚನೆ ಅದನ್ನು ಅಲ್ಲೇ ತಡೆಯಿತು.

“ಅವನು ನಿಂತಿರ್ಲಿಲ್ಲ ಸ್ವಾಮಿ. ಬ್ಯಾಗ್ ಕೊಟ್ಟು ಹೋಗಿದ್ದ. ನಾನೇ ಈ ಕೈಯಾರೆ ಇಸ್ಕೊಂಡೆ. ನಾನೇ ಕೀ ಕೆಳಗೆ ಇಟ್ಟೆ. ಮೊನ್ನೆ ಹೇಳ್ಲಿಲ್ಲ, ತಪ್ಪಾಯ್ತು.”

ಡೂಪ್ಲಿಕೇಟ್ ಕಣ್ಣು ಮುಚ್ಚಿಕೊಂಡ. ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಇನ್‌ಸ್ಪೆಕ್ಟರ್ ಆಸ್ಪತ್ರೆಯ ಮುಂಬಾಗಿಲ ಕ್ಯಾಮೆರಾದ ಚಿತ್ರ ತರಿಸಿದರು. ಮೂರು ದಿನ ಯಾರೂ ನೋಡದೆ ಬಿಟ್ಟಿದ್ದು. ನೀಲಿ ಅಂಗಿಯವನು ವಾರ್ಡಿನ ಕಡೆಗೆ ಹೋಗಲೇ ಇಲ್ಲ. ನೀರಿನ ನಲ್ಲಿಯ ಹತ್ತಿರ ನಿಂತು ಮೊಬೈಲು ನೋಡುತ್ತಿದ್ದು, ಬಿಳಿ ಕಾರು ದಾಟಿಹೋದ ಮೇಲೆ ಸಾವಕಾಶವಾಗಿ ಗೂಡಿನತ್ತ ನಡೆದ. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ನೋಡಿ, ಡೂಪ್ಲಿಕೇಟನಿಗೆ ಯಂತ್ರ ತೆಗೆದುಕೊಂಡು ಹೋಗಲು ಹೇಳಿದರು. ಮಾಮನಿಂದ ಬರೆಸಿಕೊಂಡ ಹೇಳಿಕೆಗೆ ರುಜು ಹಾಕಿಸಿದರು.

“ನೀನು ಕಳ್ಳ ಅಲ್ಲ. ಮನೆಗೆ ಹೋಗು. ಇನ್ನು ಮೇಲೆ ಹೀಗೆಲ್ಲ ನಂಬೋಕೆ ಹೋಗ್ಬೇಡ.”

ಕಂಟ್ರಾಕ್ಟರು ಹೊರಗೆ ಬಂದು ಎರಡೇ ಮಾತು ಆಡಿದರು. ಬೋರ್ಡು ಹಾಕಿಸಿದ್ದು ಸುಮ್ಮನೆ ಅಲ್ಲ, ನಾಳೆಯಿಂದ ಬರುವುದು ಬೇಡ. ಹಲಗೆ ಬೇಕಿದ್ದರೆ ಕಿತ್ತುಕೊಂಡು ಹೋಗಬಹುದು, ಹೇಗೂ ಇನ್ನು ಕೀಗಳೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ. ಮೂಳೆ ಡಾಕ್ಟರು ಅವರ ಹತ್ತಿರ ಮಾತಾಡಿ ನೋಡಿದರು. ಕಾರು ಕಳೆದುಕೊಂಡವರೇ ಹೇಳಿದರೂ ಅವರು ಕೇಳಲಿಲ್ಲ.

ಮಧ್ಯಾಹ್ನ ಮಾಮ ಹಲಗೆಯನ್ನು ಬಿಚ್ಚಿದ. ಅದು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಇಪ್ಪತ್ತಮೂರು ವರ್ಷದ ಹಿಂದಿನ ಹಾಗೇ ಇತ್ತು. ಟವೆಲನ್ನು ಹೆಗಲಿಗೆ ಹಾಕಿಕೊಂಡು, ಹಲಗೆಯನ್ನು ಕಂಕುಳಲ್ಲಿ ಅವಚಿಕೊಂಡು ಗೇಟಿನ ತನಕ ಬಂದಿದ್ದ, ಅಷ್ಟರಲ್ಲಿ ಎದುರಿನಿಂದ ಒಬ್ಬ ಓಡುತ್ತ ಬಂದ. ಒಂದು ಹೆಗಲ ಮೇಲೆ ಮಗು, ಇನ್ನೊಂದು ಕೈಯಲ್ಲಿ ಉಬ್ಬಿದ ಬ್ಯಾಗು.

“ಅಣ್ಣಾ, ಮಕ್ಕಳ ವಾರ್ಡು ಎಲ್ಲಿ? ಒಳಗೆ ಬ್ಯಾಗ್ ಬಿಡಲ್ಲ ಅಂತಾರೆ. ಪಾರ್ಕಿಂಗಲ್ಲಿ ಯಾರೋ ಮಾಮ ಇಟ್ಕೋತಾರಂತಲ್ಲ, ಅವರೆಲ್ಲಿ ಸಿಗ್ತಾರೆ?”

ಮಾಮ ಅವನ ಕೈ ನೋಡಿದ. ನಡುಗುತ್ತಿತ್ತು. ಬ್ಯಾಗು ನೋಡಿದ, ಭಾರವಾಗಿತ್ತು. ತನ್ನ ಕೈ ಚಾಚಿ ಮಗುವಿನ ಹಣೆ ಮುಟ್ಟಿ ನೋಡಿದ. ಹಣೆ ಕೆಂಡದ ಹಾಗೆ ಸುಡುತ್ತಿತ್ತು.

“ಎಡಗಡೆ ಎರಡನೇ ಬಾಗಿಲು. ಓಡು” ಎಂದು ಬ್ಯಾಗು ಇಸಿದುಕೊಂಡ.

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಹಲಗೆಯನ್ನು ಒರಗಿಸಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯ ತನಕ ಕೂತ. ಮಗುವಿನ ಹಣೆಯ ಕಾವು ಅಂಗೈಯಿಂದ ಹೋಗಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಎಷ್ಟೋ ಜನರ ಗಂಟು ಇಸಿದುಕೊಂಡಿದ್ದ, ನಿಜವೋ ಸುಳ್ಳೋ ಎಂದು ಮಗುವಿನ ಹಣೆ ಮುಟ್ಟಿ ನೋಡಿದ್ದು ಇದೇ ಮೊದಲು.